ಮಾಜಿ ಶಾಸಕರ ಗುರುತು

ಮಾಜಿ ಶಾಸಕರ ಪಿಂಚಣಿ ಮುಂದುವರಿಯಬೇಕಾದರೆ, ಅವರು ಬದುಕಿದ್ದಾರೆಂದು ಕ್ಷೇತ್ರದವರೊಬ್ಬರು ಖಜಾನೆ ಕಚೇರಿಗೆ ಬಂದು ಗುರುತು ಹೇಳಬೇಕಿತ್ತು. ವಿಧವಾ ವೇತನಕ್ಕೆಂದು ಸಾಲಿನಲ್ಲಿ ನಿಂತಿದ್ದ ಅಜ್ಜಿ ಅದೇ ಕ್ಷೇತ್ರದವಳು.

“ಅಜ್ಜೀ, ಇವ್ರು ಯಾರು ಗೊತ್ತಾ?” ಗುಮಾಸ್ತ ಕೇಳಿದ.

ಅಜ್ಜಿ ಕನ್ನಡಕ ಏರಿಸಿ ನೋಡಿದಳು. “ಇಲ್ಲಪ್ಪ. ಯಾವೂರೋರೋ ಏನೋ.”

“ಮೂರು ಸಲ ಗೆದ್ದಿದ್ದೀನಿ! ನಿಮ್ಮೂರಿಗೆ ರಸ್ತೆ ಹಾಕ್ಸಿದ್ದೇ ನಾನು!” ಶಾಸಕರು ಗುಡುಗಿದರು.

“ಯಾವ ರಸ್ತೆ?”

ಗುಮಾಸ್ತ ಪೆನ್ನಿಗೆ ಮುಚ್ಚಳ ಹಾಕಿದ. “ಹಾಗಾದ್ರೆ ಪಿಂಚಣಿ ನಿಲ್ಲುತ್ತೆ ಸಾರ್.”

ಶಾಸಕರು ಬೆವೆತುಹೋದರು. ಹಲ್ಲು ಕಿರಿದು, ಸೊಂಟ ಬಗ್ಗಿಸಿ, ಎರಡೂ ಕೈ ಜೋಡಿಸಿದರು. “ತಾಯೀ, ನಿಮ್ಮ ಮನೆಮಗ ಅಂತ ತಿಳ್ಕೊಂಡು ಕೈ ಹಿಡೀಬೇಕು.”

ಅಜ್ಜಿಯ ಮುಖ ಅರಳಿತು.

“ಓ, ನೀನಾ! ಈ ಸಲ ಸೀರೆನೋ, ಕುಕ್ಕರೋ?”