ಉಪ್ಪುಗಾಳಿಯಲ್ಲಿ ಹದಿನೈದು ದಿನ

ಹದಿನಾರನೆಯ ದಿನ ಬೆಳಿಗ್ಗೆ ಕರಾವಳಿ ಪೊಲೀಸ್ ಠಾಣೆಯ ದೋಣಿಕಟ್ಟೆಯ ತುದಿಯಲ್ಲಿ ಮೂವರು ಒಂದು ತಂತಿಪಂಜರದ ಮುಂದೆ ನಿಂತಿದ್ದರು. ಠಾಣೆಯ ಸಾಹೇಬರು, ಆಯುಧದ ಕೋಣೆ ನೋಡಿಕೊಳ್ಳುವ ಎಣ್ಣೆ ಮಾವ, ಮತ್ತು ಲೋಹಕ್ಕೆ ಸೆರಾಮಿಕ್ ಲೇಪ ಹಾಕುವ ಕಾರ್ಖಾನೆಯ ಹೆಂಗಸು. ಪಂಜರದೊಳಗೆ ಹಳೆಯ ಪಿಸ್ತೂಲುಗಳಿಂದ ಬಿಚ್ಚಿದ ಎರಡು ಉಕ್ಕಿನ ತುಂಡುಗಳು ನೇತಾಡುತ್ತಿದ್ದವು. ಒಂದಕ್ಕೆ ಅವಳ ಲೇಪ, ಇನ್ನೊಂದಕ್ಕೆ ಮಾವನ ಎಣ್ಣೆ. ಅಲೆ ಬಡಿದಾಗಲೆಲ್ಲ ಎರಡರ ಮೇಲೂ ಉಪ್ಪುನೀರು ಸಿಡಿಯುತ್ತಿತ್ತು. ಪಂಜರದ ಬೀಗದ ಕೈ ಮಾವನ ಜೇಬಿನಲ್ಲಿತ್ತು.

ಎರಡು ತಿಂಗಳ ಹಿಂದೆ ಕಳ್ಳಸಾಗಣೆಯ ದೋಣಿಯೊಂದನ್ನು ಅಟ್ಟಿಸಿಕೊಂಡು ಹೋದಾಗ, ಇದೇ ಠಾಣೆಯಲ್ಲಿ ಪೇದೆಯಾಗಿದ್ದ ಅವಳ ತಮ್ಮನ ಪಿಸ್ತೂಲು ಕೈಕೊಟ್ಟಿತ್ತು. ಅವನು ಕುದುರೆ ಎಳೆದೇ ಎಳೆದ, ಗುಂಡು ಹಾರಲಿಲ್ಲ. ಎದುರಿನವನ ಗುಂಡು ಬಂದು ಅವನ ಬಲಭುಜಕ್ಕೆ ನಾಟಿತು. ಪಿಸ್ತೂಲು ಬಿಚ್ಚಿ ನೋಡಿದರೆ ತುಕ್ಕು, ಎಣ್ಣೆ, ಉಪ್ಪು, ಮರಳು ಎಲ್ಲ ಕಲಸಿ ಮುದ್ದೆಯಾಗಿತ್ತು. ಯಾರೂ ಮಾವನತ್ತ ಬೆರಳು ತೋರಿಸಲಿಲ್ಲ. ಅವಳು ಮಾತ್ರ ಮರುವಾರವೇ ಅರ್ಜಿ ಹಿಡಿದು ಬಂದಳು: ಠಾಣೆಯ ಪಿಸ್ತೂಲುಗಳಿಗೆಲ್ಲ ಲೇಪ ಹಾಕಿಸಬೇಕು.

"ಪಿಸ್ತೂಲೇನು ಮದುಮಗಳೇನಮ್ಮ, ಸಿಂಗಾರ ಮಾಡೋಕೆ?" ಎಂದು ಮಾವ ಅಂದು ನಕ್ಕಿದ್ದ.

ಅವಳು ನಗಲಿಲ್ಲ. "ಇದು ಸಿಂಗಾರ ಅಲ್ಲ ಮಾವ. ಮೊದಲು ಉಕ್ಕನ್ನ ಉಜ್ಜಿ ಒರಟು ಮಾಡ್ತೀವಿ. ಆಮೇಲೆ ಕೂದಲಿಗಿಂತ ತೆಳ್ಳಗೆ ಲೇಪ ಹಾಕಿ ಬಿಸಿಯಲ್ಲಿ ಬೇಯಿಸ್ತೀವಿ. ಉಪ್ಪು, ಬೆವರು ಒಳಗಿಳಿಯಲ್ಲ. ಬೇಗ ಸವೆಯಲ್ಲ. ಬಿಸಿಲಿಗೆ ಮಿಂಚೋದೂ ಇಲ್ಲ. ಎಣ್ಣೆ ಒಂಚೂರು ಸಾಕು, ಹಾಗಾಗಿ ಮರಳು ಅಂಟ್ಕೊಳ್ಳೋದೂ ಕಡಿಮೆ."

ಎಣ್ಣೆ ಜಾಸ್ತಿಯಾಗಿದ್ದಕ್ಕೇ ಹೀಗಾಯಿತು ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ. ಹೇಳದಿದ್ದುದೇ ಮಾವನಿಗೆ ಮುಳ್ಳಿನಂತೆ ಚುಚ್ಚಿತು. ಇಪ್ಪತ್ತಾರು ವರ್ಷ ಆ ಪಿಸ್ತೂಲುಗಳನ್ನು ಮಕ್ಕಳಿಗೆ ಎಣ್ಣೆ ನೀರೆರೆದಂತೆ ನೋಡಿಕೊಂಡವನು ಅವನು. "ಪರೀಕ್ಷೆ ಆಗಿಹೋಗ್ಲಿ" ಎಂದು ಹಟ ಹಿಡಿದ. ಹದಿನೈದು ದಿನ ಎರಡು ತುಂಡುಗಳನ್ನೂ ಯಾರೂ ಮುಟ್ಟಕೂಡದು ಎಂದು ಸಾಹೇಬರು ಕರಾರು ಹಾಕಿದರು.

ಮೂರನೆಯ ಮುಂಜಾನೆ ಮಾವ ಸುಮ್ಮನೆ ನೋಡಿ ಬರೋಣವೆಂದು ಹೋದ. ತನ್ನ ತುಂಡಿನ ಅಂಚಿನಲ್ಲಿ ಸಾಸಿವೆಯಷ್ಟು ಕೆಂಪು ಚುಕ್ಕೆ ಕಂಡಿತು. ಅತ್ತಿತ್ತ ನೋಡಿದ, ಬೀಗ ತೆಗೆದ, ಒರೆಸಿ ಎಣ್ಣೆ ಹಚ್ಚಿದ. ಒಂದೇ ಸಲ ಎಂದುಕೊಂಡಿದ್ದ. ಮರುದಿನ ಮತ್ತೆರಡು ಚುಕ್ಕೆ. ಅಲ್ಲಿಂದ ಒಂದು ಬೆಳಿಗ್ಗೆಯೂ ತಪ್ಪಿಸಲಿಲ್ಲ. ಲೇಪದ ತುಂಡಿನತ್ತ ಕಣ್ಣು ಹೋದಾಗಲೆಲ್ಲ ಮೈ ಉರಿಯುತ್ತಿತ್ತು. ಅದು ತನ್ನ ಪಾಡಿಗೆ ತಾನು ತೂಗಾಡುತ್ತಿತ್ತು.

ಈಗ ಸಾಹೇಬರೆದುರು ಬೀಗ ತೆಗೆದಾಯಿತು. ಹೆಂಗಸು ತನ್ನ ತುಂಡನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ಉಪ್ಪಿನ ಬಿಳಿ ಪುಡಿ ಹೋಗಿ ಮೊದಲ ದಿನದ ಮಂಕು ಬೂದುಬಣ್ಣ ಹಾಗೇ ಹೊರಬಂತು. ಮಾವನ ತುಂಡಿನ ಮೇಲೆ ಕೆಂಪು ಗೀರುಗಳು, ತೋಡಿನಲ್ಲಿ ಕಂದು ಗಸಿ.

ಸಾಹೇಬರು ಎರಡನ್ನೂ ತಿರುಗಿಸಿ ನೋಡಿದರು. "ನಿಮ್ಮದು ಚೆನ್ನಾಗಿದೆಯಮ್ಮ, ಇಲ್ಲ ಅನ್ನಲ್ಲ. ಆದರೆ ಇದು ನ್ಯಾಯವಾದ ಹೋಲಿಕೆ ಅಲ್ಲ. ಹದಿನೈದು ದಿನ ಯಾರೂ ಮುಟ್ಟದೆ ಬಿಟ್ಟರೆ ಯಾವ ಉಕ್ಕಾದ್ರೂ ತುಕ್ಕು ಹಿಡಿಯುತ್ತೆ. ನಮ್ಮಲ್ಲಿ ದಿನಾ ಎಣ್ಣೆ ಬೀಳುತ್ತೆ. ನಮ್ಮ ಮಾವ ಇರೋವರೆಗೂ ಲೇಪದ ಅಗತ್ಯ ಕಾಣಲ್ಲ."

"ಗಸ್ತಿಗೆ ಹೋದವರು ಮೂರು ಮೂರು ದಿನ ನೀರಲ್ಲೇ ಇರ್ತಾರೆ ಸರ್. ಅಲ್ಲಿಗೆ ಯಾರು ಬಂದು ಎಣ್ಣೆ ಹಾಕ್ತಾರೆ?" ಅವಳ ದನಿ ಏರಲಿಲ್ಲ, ಇಳಿಯಲೂ ಇಲ್ಲ. "ಬೇಕಾದ್ರೆ ಇನ್ನೊಂದು ಪರೀಕ್ಷೆ ಇಡಿ. ತಿಂಗಳು ಇಡಿ. ನಾನು ಮತ್ತೆ ಬರ್ತೀನಿ."

"ಸಾಕಮ್ಮ," ಎಂದು ಸಾಹೇಬರು ಅವಳ ಅರ್ಜಿಯಿದ್ದ ಕಡತ ಮಡಚಿದರು.

ಮಾವ ಗೆದ್ದಿದ್ದ. ಬಾಯಿಮುಚ್ಚಿಕೊಂಡು ನಿಂತಿದ್ದರೆ ಆಗಿತ್ತು. ಕಟ್ಟೆಯ ಕೆಳಗೆ ಹುಡುಗರು ಗಸ್ತಿನ ದೋಣಿಗೆ ಡೀಸೆಲ್ ತುಂಬಿಸುತ್ತಿದ್ದರು. ಒಬ್ಬನು ಸೊಂಟದ ಪಿಸ್ತೂಲನ್ನು ಸರಿಮಾಡಿಕೊಂಡು ದೋಣಿಗೆ ಹಾರಿದ.

"ಸರ್," ಎಂದ ಮಾವ. "ಮುಟ್ಟದೆ ಬಿಟ್ಟಿರಲಿಲ್ಲ. ನಾನು ಮೋಸ ಮಾಡ್ದೆ. ಹದಿಮೂರು ಬೆಳಿಗ್ಗೆ ಬೀಗ ತೆಗೆದು ಇದಕ್ಕೆ ನಾನೇ ಎಣ್ಣೆ ಹಾಕಿದ್ದೀನಿ. ನನ್ನ ಕೈಲಾದಷ್ಟೂ ಮಾಡಿದ ಮೇಲೂ ಇದು ಹೀಗಿದೆ."

ಸಾಹೇಬರ ಮುಖ ಕಪ್ಪಿಟ್ಟಿತು. "ನಿಮ್ಮನ್ನ ನಂಬಿ ಬೀಗದ ಕೈ ಕೊಟ್ಟಿದ್ದೆ."

"ಅದಕ್ಕೆ ಏನು ಶಿಕ್ಷೆ ಬೇಕೋ ಕೊಡಿ, ತಲೆ ಕೊಡ್ತೀನಿ. ಮೊದಲು ಆ ಕಡತಕ್ಕೆ ಸಹಿ ಹಾಕಿ ಸರ್. ನೀವು ಹಾಕೋವರೆಗೂ ನಾನಿಲ್ಲಿಂದ ಕದಲಲ್ಲ."

ಸಾಹೇಬರು ಕೆಳಗಿನ ಗಸ್ತಿನ ದೋಣಿಯ ಕಡೆ ನೋಡಿದರು. ಆಮೇಲೆ ಕಡತವನ್ನು ಕಟ್ಟೆಯ ಕಂಬಕ್ಕೆ ಒತ್ತಿಹಿಡಿದು ಸಹಿ ಹಾಕಿ ಹೊರಟುಹೋದರು.

ಆಯುಧದ ಕೋಣೆಯಲ್ಲಿ ಮಾವ ಪಿಸ್ತೂಲುಗಳನ್ನು ಒಂದೊಂದಾಗಿ ಬಿಚ್ಚಿ ಅವಳ ಮುಂದಿನ ತಟ್ಟೆಗಳಲ್ಲಿ ಜೋಡಿಸಿದ. ಕೊನೆಗೆ ಬೀರುವಿನ ಮೂಲೆಯಿಂದ ಬಟ್ಟೆ ಸುತ್ತಿದ್ದೊಂದನ್ನು ತೆಗೆದು ಕೈಯಲ್ಲೇ ಹಿಡಿದುಕೊಂಡು ನಿಂತ.

"ಇದು ನಿನ್ನ ತಮ್ಮನದು ಮಗಳೇ. ಇದಕ್ಕೂ ಹಾಕ್ತೀಯಾ? ಅವನ ಬಲಗೈ ಇನ್ನು ಏಳಲ್ಲ ಅಂದ್ರಲ್ಲ ಡಾಕ್ಟರು."

ಅವಳು ಕೈಚಾಚಿ ಅದನ್ನು ತೆಗೆದುಕೊಂಡಳು. "ಮೊದಲು ಇದಕ್ಕೇ ಹಾಕ್ತೀನಿ ಮಾವ. ಅವನು ಎಡಗೈಲಿ ಗುರಿ ಹಿಡಿಯೋದು ಕಲೀತಿದ್ದಾನೆ."