ಬಚ್ಚಲೊಲೆ

ಕಡಲಿನಿಂದ ಬಂದ ಸೋಮ ತೊಯ್ದ ಅಂಗಿಯಲ್ಲೇ ಬಚ್ಚಲ ಗೋಡೆಯ ಹೊರಬದಿಗಿದ್ದ ಒಲೆಯ ಬಾಯಿಯೆದುರು ಕುಕ್ಕರಗಾಲಲ್ಲಿ ಕೂತು ಎರಡೂ ಕೈ ಚಾಚಿದ. ಒಲೆಯಲ್ಲಿ ಬೆಂಕಿ ಇರಲಿಲ್ಲ. ಮಾಡಿನ ಮೇಲೆ ನೀರು ಕಾಯಿಸುವ ಸೋಲಾರ್ ಬಂದು ತಿಂಗಳಾಗಿತ್ತು. ಹಂಡೆಯೊಳಗೆ ಈಗ ಈರುಳ್ಳಿ ತುಂಬಿತ್ತು. ಅವನ ಕೈಗಳಿಗೆ ಮಾತ್ರ ಅದು ನೆನಪಿರಲಿಲ್ಲ.

ಅವನ ಹೆಂಡತಿ ಗಣಪಿ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದಳು. ಸೋಲಾರ್ ಬೇಕೇ ಬೇಕೆಂದು ಹಟ ಹಿಡಿದವಳು ಅವಳೇ. ತೆಂಗಿನ ಮಡಲು ಒಟ್ಟುವುದು, ಊದುವುದು, ಹೊಗೆಗೆ ಕಣ್ಣೊರೆಸಿಕೊಳ್ಳುವುದು ಎಲ್ಲ ತಪ್ಪಿತ್ತು. ಆ ಬೆಂಕಿಯ ಮುಂದೆ ಗಂಡ ಆಡುತ್ತಿದ್ದ ಮಾತೂ ತಪ್ಪೀತೆಂದು ಅವಳಿಗೆ ಹೊಳೆದಿರಲಿಲ್ಲ. ಮೊದಲೆಲ್ಲ ಮೈ ಕಾಯಿಸಿಕೊಳ್ಳುತ್ತ ಅವನು ಬಲೆಗೆ ಬಿದ್ದದ್ದು, ಬೀಳದ್ದು, ತಾನು ಹೆದರಿದ್ದು ಎಲ್ಲ ಹೇಳುತ್ತಿದ್ದ. ಈಗ ನಲ್ಲಿ ತಿರುಗಿಸಿ, ಮಿಂದು, ಉಂಡು ಮಲಗುತ್ತಾನೆ. ಮೊನ್ನೆ ಹೊಳೆ ಕಡಲಿಗೆ ಸೇರುವ ಅಳವೆಯಲ್ಲಿ ಅವನ ದೋಣಿ ಮಗುಚಿದ್ದನ್ನು ಅವಳು ಹೊನ್ನಾವರದ ಮೀನುಪೇಟೆಯಲ್ಲಿ ಬೇರೆ ಹೆಂಗಸರ ಬಾಯಿಂದ ಕೇಳಬೇಕಾಯಿತು.

ಅವಳು ಮೆಲ್ಲಗೆ ಬಂದು ಅವನ ಪಕ್ಕ ಕೂತಳು. ತಾನೂ ಕೈ ಚಾಚಿದಳು.

"ಮೊನ್ನೆ ಅಳವೆಲಿ ಎಂತ ಆತು?"

ಸೋಮ ಬೂದಿಯನ್ನು ನೋಡಿದ. ಏನೋ ಹೇಳಲು ಬಾಯಿ ತೆರೆದ. ಆಮೇಲೆ ಕದಿಯುವಾಗ ಸಿಕ್ಕಿಬಿದ್ದವನ ಹಾಗೆ ಕೈ ಹಿಂದಕ್ಕೆಳೆದುಕೊಂಡ.

"ಎಂತ ಇಲ್ಲ. ನೀರು ಬಿಸಿ ಉಂಟಲ, ಮಿಂದ್ಕಂಡು ಬರ್ತೆ."

ಬಚ್ಚಲ ಬಾಗಿಲು ಮುಚ್ಚಿತು. ಒಳಗೆ ನಲ್ಲಿ ಸುರಿಯತೊಡಗಿತು. ತಣ್ಣಗಿನ ಬೂದಿಯೆದುರು ಗಣಪಿಯ ಕೈಗಳು ಚಾಚಿಕೊಂಡೇ ಇದ್ದವು.