ಗೊಮ್ಮಟನಿಗೆ ಸುತ್ತಿದ ಟಿಶ್ಯೂ

ಈಗಲೂ ಮೇಜಿನ ಡ್ರಾಯರ್ ಎಳೆದಾಗ ಗಂಧದ ವಾಸನೆ ಬಂದರೆ, ಎರಡನೇ ಕ್ಲಾಸಿನ ಆ ಮಧ್ಯಾಹ್ನವೇ ನೆನಪಾಗುತ್ತದೆ.

ನಾವು ಆಗ ಸಿಂಗಪುರದ ಕ್ಲೆಮೆಂಟಿಯಲ್ಲಿದ್ದೆವು. ನಾನು ಓದುತ್ತಿದ್ದದ್ದು ಚರ್ಚಿನವರ ಶಾಲೆಯಲ್ಲಿ. ನಿಮ್ಮ ಊರಿನದೊಂದು ವಸ್ತು ತನ್ನಿ ಎಂದು ಟೀಚರ್ ಹೇಳಿದ್ದರು. ಹಾಸನದಿಂದ ಬಂದಿದ್ದ ಅಜ್ಜಿ ಕೊಟ್ಟ, ಬೆರಳುದ್ದದ ಗಂಧದ ಗೊಮ್ಮಟನನ್ನು ಒಯ್ದೆ. ಕ್ಲಾಸಿಗೆ ಕ್ಲಾಸೇ ಕಿಸಕ್ಕೆಂದಿತು. ಟೀಚರ್ ಬೈಯಲಿಲ್ಲ. ಅವನ ಸೊಂಟಕ್ಕೆ ಮೆತ್ತಗೆ ಟಿಶ್ಯೂ ಸುತ್ತಿ, ಆಡಮ್ ಮತ್ತು ಈವ್ ಕೂಡ ನಾಚಿ ಎಲೆ ಸುತ್ತಿಕೊಂಡರಲ್ಲ ಎಂದರು. ನನ್ನ ಕಿವಿ ಬಿಸಿಯಾಯಿತು.

ಶಾಲೆ ಬಿಟ್ಟಾಗ ಕರೆದೊಯ್ಯಲು ಬಂದ ಅಜ್ಜಿಗೆ ನಡೆದದ್ದನ್ನು ಹೇಳಿದೆ. ಅವಳು ನನ್ನ ಕೈ ಹಿಡಿದು ಸೀದಾ ಟೀಚರ್ ಮುಂದೆ ನಿಂತಳು.

"ನಾನು ಹೇಳೋದನ್ನ ಇಂಗ್ಲಿಷಲ್ಲಿ ಹೇಳು ಪುಟ್ಟಾ. ಇವನು ಯುದ್ಧ ಗೆದ್ದು, ಗೆದ್ದ ರಾಜ್ಯಾನ ಅಣ್ಣನಿಗೇ ಬಿಟ್ಕೊಟ್ಟೋನು. ಬಟ್ಟೇನೂ ಬಿಟ್ಟ. ಎಲೆ ಇವನ ಮೈಮೇಲೂ ಇದೆ, ನೋಡಕ್ಕೆ ಹೇಳು. ಇವನು ಸುತ್ಕೊಂಡಿದ್ದಲ್ಲ. ಅಲ್ಲಾಡದೆ ನಿಂತಿದ್ದಕ್ಕೆ ಬಳ್ಳಿ ತಾನಾಗೇ ಹಬ್ಬಿದ್ದು."

"ಟೀಚರ್, ಹಿ ವಿನ್ ಆಲ್ರೆಡಿ, ದೆನ್ ಗಿವ್ ಬ್ಯಾಕ್ ಎವ್ರಿಥಿಂಗ್ ಲಾ," ಎಂದೆ. ಬಳ್ಳಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೋ ಗೊತ್ತಿರಲಿಲ್ಲ. ಟಿಶ್ಯೂ ಬಿಚ್ಚಿ, ತೊಡೆಗೆ ಹಬ್ಬಿದ ಸಣ್ಣ ಎಲೆಗಳನ್ನು ಬೆರಳಿಟ್ಟು ತೋರಿಸಿದೆ.

ಟೀಚರ್ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕೈಯಿಂದ ಟಿಶ್ಯೂ ತೆಗೆದುಕೊಂಡು ಮಡಿಚಿ ತಮ್ಮ ಜೇಬಿಗೆ ಹಾಕಿಕೊಂಡರು.

ಎಂಆರ್‌ಟಿ ರೈಲಿನಲ್ಲಿ ಮನೆಗೆ ಬರುವಾಗ ಗೊಮ್ಮಟನನ್ನು ನಾನು ಬ್ಯಾಗಿಗೆ ಹಾಕಲಿಲ್ಲ. ಎಲ್ಲರಿಗೂ ಕಾಣುವಂತೆ ಅಂಗೈ ಮೇಲೆ ನಿಲ್ಲಿಸಿಕೊಂಡು ಬಂದೆ.